ಕಾಶಿಗೆ ಹೋದವರು, ಇಂಗ್ಲೆಂಡಿಗೆ ಹೋದವರು

ಐರ್ಲೆಂಡಿನ ಹಳ್ಳಿ ಕಡೆ ಹೊಸಬರು ಕಂಡರೆ ಹಿರಿಯರು ಹೆಸರು ಕೇಳೋಕೆ ಮೊದಲೇ "ನಿಮ್ಮ ಕಡೆಯವರು ಯಾರು?" ಅಂತ ಕೇಳ್ತಾರೆ. ನಮ್ಮ ಮಲೆನಾಡಿನಲ್ಲಿ "ನೀವು ಯಾರ ಪೈಕಿ?" ಅಂತಾರಲ್ಲ, ಥೇಟ್ ಹಾಗೇ. ಗಾಲ್ವೇಗೆ ಬಂದ ಹೊಸತರಲ್ಲಿ ಬಸ್‌ಸ್ಟಾಪಿನಲ್ಲಿ ಒಬ್ಬ ಅಜ್ಜಿ ನನ್ನನ್ನೂ ಹಾಗೇ ಕೇಳಿಬಿಟ್ಟಿದ್ದರು. ಶಿವಮೊಗ್ಗ ಜಿಲ್ಲೆಯ ನನ್ನ ಪೈಕಿಯವರನ್ನು ಅವರಿಗೆ ಹೇಗೆ ವಿವರಿಸೋದು ಹೇಳಿ! ನಗು ಬಂತು, ಜೊತೆಗೆ ಸ್ವಲ್ಪ ಖುಷಿಯೂ ಆಯಿತು. ಮೂರು ತಲೆಮಾರು ಹಿಂದೆ ಯಾರ ಮಗಳು ಯಾರ ಮನೆ ಸೇರಿದಳು, ಯಾರ ಗದ್ದೆ ಯಾರಿಗೆ ಬಂತು ಅನ್ನೋದನ್ನೆಲ್ಲ ನಾಲಿಗೆ ತುದಿಯಲ್ಲೇ ಇಟ್ಟುಕೊಂಡ ಜನ ಇವರು.

ಇಂಥ ಊರಿನವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತೆ. ಯಾರ ಹೆಸರನ್ನು ಲೆಕ್ಕದಿಂದ ಬಿಟ್ಟಿದ್ದೇವೆ ಅನ್ನೋದು.

ನಮ್ಮ ಮನೆಯ ಕಥೆಯನ್ನೇ ಮೊದಲು ಹೇಳಿಬಿಡ್ತೇನೆ. ಪ್ರತಿ ವರ್ಷ ಮಹಾಲಯ ಪಕ್ಷದಲ್ಲಿ ಅಪ್ಪ ತರ್ಪಣಕ್ಕೆ ಕೂರುತ್ತಿದ್ದರು. ಭಟ್ಟರು ಒಂದೊಂದೇ ಸಂಬಂಧ ಹೇಳೋದು, ಅಪ್ಪ ಹೆಸರು ಹೇಳಿ ಎಳ್ಳುನೀರು ಬಿಡೋದು. ಅಪ್ಪ, ಅಜ್ಜ, ಮುತ್ತಜ್ಜ ಆಗಿ, ತಾಯಿ ಕಡೆಯವರಾಗಿ, ದೊಡ್ಡಪ್ಪ ಚಿಕ್ಕಪ್ಪಂದಿರಾಗಿ ಸೋದರತ್ತೆಯರ ಸಾಲು ಬರುತ್ತಿತ್ತು. ನಾನು ನಡುಮನೆ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಅಪ್ಪ ಹೇಳುತ್ತಿದ್ದದ್ದು ಎರಡು ಹೆಸರು. ಅಟ್ಟದ ಮೇಲಿದ್ದ ಹಳೇ ಫೋಟೋದಲ್ಲಿ ಮಾತ್ರ ಅಜ್ಜನ ಪಕ್ಕ ಮೂವರು ತಂಗಿಯರು.

ಹನ್ನೆರಡು ವರ್ಷ ಇರಬೇಕು ನನಗೆ, ಅಮ್ಮನ್ನ ಕೇಳಿದೆ.

"ಅವರು ಕಾಶಿಗೆ ಹೋದರು."

"ವಾಪಸ್ ಯಾವಾಗ ಬಂದ್ರು?"

"ಸುಮ್ನೆ ಹೋಗೇ, ಎಲೆ ಹಾಕು."

ಅವತ್ತು ನಾನು ಎಲೆ ಹಾಕಿದೆ. ಮತ್ತೆ ಕೇಳಲಿಲ್ಲ. ದೊಡ್ಡವರಾಗೋದು ಅಂದರೆ ಏನನ್ನು ಕೇಳಬಾರದು ಅಂತ ಕಲಿಯೋದು ಅಂತಲೇ ಆಗ ಅಂದುಕೊಂಡಿದ್ದೆ. ಪಿಯುಸಿ ಓದುವಾಗ ದೊಡ್ಡಮ್ಮ ಒಬ್ಬರು ಅರ್ಧಂಬರ್ಧ ಹೇಳಿದರು. ಹತ್ತು ವರ್ಷಕ್ಕೆ ಮದುವೆ, ಹನ್ನೆರಡಕ್ಕೆ ಗಂಡ ಸತ್ತು ವಾಪಸ್ ತವರಿಗೆ. ಇಪ್ಪತ್ತರ ಹತ್ತಿರ "ಏನೋ ಆಯ್ತು". ಒಂದು ರಾತ್ರಿ ಗಾಡಿ ಕಟ್ಟಿಸಿ ಕಳಿಸಿದರು. ಎಲ್ಲಿಗೆ ಅಂತ ಗೊತ್ತಿಲ್ಲ, ಕಾಶಿಗಂತೂ ಅಲ್ಲ. ಆಮೇಲೆ ಬೇರೆ ಯಾರನ್ನು ಕೇಳಿದರೂ ಕಥೆಯ ಅದೇ ಜಾಗಕ್ಕೆ ಬಂದಾಗ ದನಿ ತಗ್ಗಿಸುತ್ತಿದ್ದರು. ಅಂದರೆ ಎಲ್ಲರಿಗೂ ಗೊತ್ತಿತ್ತು.

ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ನೋಡಿದವರಿಗೆ ಇದು ಹೊಸದೇನೂ ಅಲ್ಲ. ಅನಂತಮೂರ್ತಿಯವರ ಕಥೆ ಅದು. ಬಸುರಾದ ವಿಧವೆಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕೋದನ್ನು ಒಬ್ಬ ಸಣ್ಣ ಹುಡುಗ ನೋಡುತ್ತಾನೆ. ನಮ್ಮ ಮನೆಯಲ್ಲಿ ಶ್ರಾದ್ಧವನ್ನೂ ಮಾಡಲಿಲ್ಲ, ಹೆಸರು ಹೇಳೋದನ್ನು ನಿಲ್ಲಿಸಿದರು ಅಷ್ಟೇ.

ಈಗ ಐರ್ಲೆಂಡಿಗೆ ಬರೋಣ. ಗಾಲ್ವೇಯಿಂದ ಉತ್ತರಕ್ಕೆ ಸುಮಾರು ಮೂವತ್ತೈದು ಕಿಲೋಮೀಟರ್ ಹೋದರೆ ಒಂದು ಸಣ್ಣ ಪೇಟೆ ಇದೆ. ಬೋರ್ಡ್ ನೋಡಿ ನಾನು 'ಟುವಾಮ್' ಅಂತ ಓದಿದ್ದೆ, ಊರಿನವರು 'ಚೂಮ್' ಅಂತಾರೆ. 1840ರ ದಶಕದ ಮಹಾಕ್ಷಾಮದ ಕಾಲದಲ್ಲಿ ಇಲ್ಲೊಂದು ವರ್ಕ್‌ಹೌಸ್ ಶುರುವಾಗಿತ್ತು. ಗತಿಯಿಲ್ಲದವರನ್ನು ಒಳಗಿಟ್ಟು ಗಂಜಿ ಕೊಟ್ಟು ದುಡಿಸುವ ಮನೆ. 1925ರಿಂದ 1961ರವರೆಗೆ ಅದೇ ಕಟ್ಟಡದಲ್ಲಿ ಬಾನ್ ಸೆಕೂರ್ ಪಂಥದ ಸಿಸ್ಟರ್‌ಗಳು, ಕೌಂಟಿ ಕೌನ್ಸಿಲಿನ ದುಡ್ಡಿನಲ್ಲಿ, ಮದುವೆಯಾಗದೆ ಬಸುರಾದ ಹುಡುಗಿಯರಿಗಾಗಿ 'ಮದರ್ ಅಂಡ್ ಬೇಬಿ ಹೋಮ್' ನಡೆಸಿದರು. ಹೆರಿಗೆ ಆದ ಮೇಲೆ ತಾಯಿ ಒಂದು ವರ್ಷ ಅಲ್ಲೇ ಸಂಬಳವಿಲ್ಲದೆ ಕೆಲಸ ಮಾಡಿ, ಆಮೇಲೆ ಮಗುವನ್ನು ಬಿಟ್ಟು ಹೋಗಬೇಕು. ಬದುಕುಳಿದ ಮಕ್ಕಳನ್ನು ದತ್ತು ಕೊಡುತ್ತಿದ್ದರು, ಅಥವಾ ಸ್ವಲ್ಪ ದೊಡ್ಡವರಾದ ಮೇಲೆ ಸಾಕುಮನೆಗೆ ಕಳಿಸುತ್ತಿದ್ದರು. ದತ್ತು ಸ್ವೀಕಾರಕ್ಕೆ ಕಾನೂನು ಅಂತ ಬಂದದ್ದೇ 1952ರಲ್ಲಿ. ದೇಶದ ಇಂಥ ಸಂಸ್ಥೆಗಳಿಂದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಅಮೆರಿಕಕ್ಕೂ ಹೋದರು. 2013ರ 'ಫಿಲೋಮಿನಾ' ಸಿನಿಮಾ ನೋಡಿದ್ದರೆ ನೆನಪಾಗಬಹುದು, ಅದು ಅಂಥ ಒಬ್ಬ ತಾಯಿಯ ನಿಜಕಥೆ.

ಯಾಕೆ ಹೀಗೆ ಮಾಡಿದರು? ಚರ್ಚ್ ಅಂತ ಒಂದೇ ಮಾತಲ್ಲಿ ಹೇಳಿಬಿಡೋದು ಸುಲಭ. ಚರ್ಚಿನ ಪಾಲು ದೊಡ್ಡದೇ, ಅನುಮಾನ ಇಲ್ಲ. ಆದರೆ ಹಳ್ಳಿಯ ಲೆಕ್ಕಾಚಾರವೂ ಇತ್ತು. ಕ್ಷಾಮದ ನಂತರ ಜಮೀನು ಹಂಚದೆ ಒಬ್ಬ ಮಗನಿಗೆ ಬಿಡೋದು ರೂಢಿಯಾಯಿತು. ಮಗಳಿಗೆ ಮದುವೆ ಆಗಬೇಕಾದರೆ ದಲ್ಲಾಳಿ ಮಾತುಕತೆ, ವರದಕ್ಷಿಣೆ. ಹೌದು, ಇಲ್ಲೂ ವರದಕ್ಷಿಣೆ ಇತ್ತು! ಒಬ್ಬಳು ಬಸುರಾದಳು ಅಂತ ಗೊತ್ತಾದರೆ ಉಳಿದ ತಂಗಿಯರಿಗೆ ಗಂಡು ಸಿಗೋಲ್ಲ, ಅಣ್ಣನಿಗೆ ಹೆಣ್ಣು ಸಿಗೋಲ್ಲ. "ಮನೆ ಮರ್ಯಾದೆ" ಅನ್ನೋ ಮಾತಿನ ಹಿಂದೆ ಇಷ್ಟೆಲ್ಲ ಇರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕೈಯಲ್ಲಿ ಸ್ವಲ್ಪ ಕಾಸಿದ್ದ ಹುಡುಗಿಯರು ರಾತ್ರಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಅಲ್ಲಿಯ ಸಮಾಜಸೇವಕರು ಇವರಿಗಾಗಿಯೇ 'ಪಿ.ಎಫ್.ಐ.' ಅಂತ ಒಂದು ಸಂಕ್ಷಿಪ್ತ ಹೆಸರು ಇಟ್ಟುಕೊಂಡಿದ್ದರು, ಐರ್ಲೆಂಡಿನಿಂದ ಬಂದ ಬಸುರಿ ಅಂತ ಅರ್ಥ. ಊರಲ್ಲಿ ಕೇಳಿದವರಿಗೆ "ಇಂಗ್ಲೆಂಡಿಗೆ ಹೋದಳು, ಕೆಲಸ ಸಿಕ್ಕಿದೆ" ಅಂದರೆ ಆಯಿತು. ಕೇಳಿದವರೂ ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ಇದನ್ನು ಮೊದಲ ಸಲ ಓದಿದಾಗ ನನಗೆ ಅಮ್ಮನ ದನಿಯೇ ಕೇಳಿಸಿತು. ಕಾಶಿಗೆ ಹೋದರು...

ಇಂಥ ಊರಲ್ಲಿ ಬೆಳೆಯುವ ಮಕ್ಕಳ ಕಿವಿಗೆ ಏನೂ ಬೀಳೋದಿಲ್ಲ ಅಂತ ದೊಡ್ಡವರು ತಿಳಿದಿರುತ್ತಾರೆ. ಚೂಮ್ ಹತ್ತಿರದ ಕ್ಯಾಥರಿನ್ ಕಾರ್ಲೆಸ್ ಶಾಲೆಗೆ ಹೋಗುವಾಗ 'ಹೋಮ್' ಮಕ್ಕಳು ಬೇರೆಯವರಿಗಿಂತ ತಡವಾಗಿ ಬಂದು ಬೇಗ ಹೊರಡುತ್ತಿದ್ದರಂತೆ, ಉಳಿದ ಮಕ್ಕಳ ಜೊತೆ ಬೆರೆಯಬಾರದು ಅಂತ. ಆ ಮಕ್ಕಳ ಬೂಟಿನ ಸದ್ದು ಅವರಿಗೆ ಇವತ್ತಿಗೂ ನೆನಪಿದೆ. ಒಂದು ದಿನ ಇನ್ನೊಬ್ಬಳನ್ನು ನೋಡಿ ಇವರೂ ಚಾಕೊಲೇಟಿನ ಖಾಲಿ ಕಾಗದ ಸುತ್ತಿ ಹೋಮಿನ ಪುಟ್ಟ ಹುಡುಗಿಯೊಬ್ಬಳ ಕೈಗೆ ಕೊಟ್ಟರು. ಅವಳು ಆಸೆಯಿಂದ ಬಿಚ್ಚಿದರೆ ಒಳಗೆ ಏನೂ ಇಲ್ಲ. ಆ ಹುಡುಗಾಟ ಎಷ್ಟೋ ದಶಕ ತನ್ನನ್ನು ಕಾಡಿತು ಅಂತ ಕಾರ್ಲೆಸ್ ತಾವೇ ಹೇಳಿಕೊಂಡಿದ್ದಾರೆ.

ಅವರ ಮನೆಯಲ್ಲೂ ಒಂದು ಗುಟ್ಟಿತ್ತು. ಅವರ ತಾಯಿ ತನ್ನ ಬಾಲ್ಯದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ವಂಶವೃಕ್ಷ ಬರೆಯಲು ಹೊರಟ ಕಾರ್ಲೆಸ್ ಜನನ ಪತ್ರ ತರಿಸಿದರು. ತಂದೆಯ ಹೆಸರಿನ ಜಾಗ ಖಾಲಿ! ಜೀವಮಾನವಿಡೀ ತಾಯಿ ಹೊತ್ತುಕೊಂಡಿದ್ದ ಭಾರ ಏನು ಅಂತ ಅವತ್ತು ಅವರಿಗೆ ಅರ್ಥವಾಯಿತು. ದಾಖಲೆ ಹುಡುಕುವ ಅಭ್ಯಾಸ ಅಂಟಿಕೊಂಡದ್ದೂ ಅಲ್ಲಿಂದಲೇ.

ಆಮೇಲೆ ಅವರು ಊರಿನ ಇತಿಹಾಸ ಸಂಘದ ಪತ್ರಿಕೆಗೆ 'ಹೋಮ್' ಬಗ್ಗೆ ಒಂದು ಲೇಖನ ಬರೆಯಲು ಕೂತರು. ಅಲ್ಲಿ ಎಷ್ಟು ಮಕ್ಕಳು ಸತ್ತಿರಬಹುದು ಅಂತ ಜನನ ಮರಣ ಕಚೇರಿಯಲ್ಲಿ ವಿಚಾರಿಸಿದರು. ಒಂದಿಪ್ಪತ್ತೋ ಮೂವತ್ತೋ ಇರಬಹುದು ಅಂದುಕೊಂಡಿದ್ದರು. ಸಿಕ್ಕಿದ್ದು 796. ಒಂದೊಂದು ಪತ್ರಕ್ಕೆ 4 ಯೂರೋ. ದಡಾರ, ಕ್ಷಯ, ನಾಯಿಕೆಮ್ಮು, ವಾಂತಿಭೇದಿ, ನ್ಯುಮೋನಿಯಾ... ಮೊದಲ ಸಾವು 1925ರಲ್ಲಿ, ಐದು ತಿಂಗಳ ಮಗು. ಹತ್ತಿರದ ಸ್ಮಶಾನಗಳ ಲೆಕ್ಕದ ಜೊತೆ ತಾಳೆ ನೋಡಿದರೆ ಈ ಮಕ್ಕಳು ಅಲ್ಲೆಲ್ಲೂ ಇಲ್ಲ. ಹಳೇ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟಾಗ, ಕಟ್ಟಡದ ಹಿಂದೆ ಕೊಳಚೆ ಗುಂಡಿ ಇದ್ದ ಜಾಗ ಮಕ್ಕಳನ್ನು ಹೂಳಿದ ಜಾಗದ ಜೊತೆ ಸರಿಹೊಂದಿತು. 1975ರಲ್ಲಿ ಅಲ್ಲಿ ಆಡುತ್ತಿದ್ದ ಇಬ್ಬರು ಹುಡುಗರಿಗೆ ಚಪ್ಪಡಿ ಕೆಳಗೆ ಮೂಳೆ ಸಿಕ್ಕಿತ್ತು. ಕ್ಷಾಮದ ಕಾಲದ್ದಿರಬೇಕು ಅಂತ ಊರು ಸುಮ್ಮನಾಗಿತ್ತು.

ಕಾರ್ಲೆಸ್ ಲೇಖನ 2012ರಲ್ಲಿ ಬಂತು, ಯಾರೂ ಗಮನಿಸಲಿಲ್ಲ. 2014ರಲ್ಲಿ ದಿನಪತ್ರಿಕೆಗೆ ಬಂದಾಗ ಜಗತ್ತೇ ತಿರುಗಿ ನೋಡಿತು. 2015ರಲ್ಲಿ ಸರ್ಕಾರ ತನಿಖಾ ಆಯೋಗ ನೇಮಿಸಿತು. 2017ರ ಮಾರ್ಚಿನಲ್ಲಿ ನೆಲದಡಿಯ ಗೂಡುಗಳಂಥ ಕಟ್ಟಡದಲ್ಲಿ ಮಕ್ಕಳ ಅವಶೇಷಗಳು ಗಣನೀಯ ಪ್ರಮಾಣದಲ್ಲಿ ಇರೋದನ್ನು ಆಯೋಗ ದೃಢಪಡಿಸಿತು. ಯಾವ ಸಿಸ್ಟರೂ ಮನೆಗೆ ನುಗ್ಗಿ ಮಕ್ಕಳನ್ನು ಎತ್ತಿಕೊಂಡು ಹೋಗಲಿಲ್ಲ, ಊರ ಮಾತಿಗೆ ಹೆದರಿ ನಾವೇ ಕೊಟ್ಟೆವು ಅನ್ನುವ ಅರ್ಥದಲ್ಲಿ ಆಗಿನ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಮಾತಾಡಿದರು.

2021ರ ಜನವರಿಯಲ್ಲಿ ಆಯೋಗದ ಕೊನೇ ವರದಿ ಬಂತು. ದೇಶದ 18 ಸಂಸ್ಥೆಗಳು, ಸುಮಾರು 56,000 ತಾಯಂದಿರು, 57,000 ಮಕ್ಕಳು. ಅದರಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದರು. ಮರುದಿನವೇ ಪ್ರಧಾನಿ ಮಿಹಾಲ್ ಮಾರ್ಟಿನ್ ಕ್ಷಮೆ ಕೇಳಿದರು. ಹೆಚ್ಚಿನ ಹೊಣೆ ಮಕ್ಕಳ ತಂದೆಯರದ್ದು ಮತ್ತು ಹುಡುಗಿಯರ ಮನೆಯವರದ್ದು ಅಂತ ವರದಿ ಹೇಳಿದ್ದು ಬದುಕುಳಿದವರಿಗೆ ನೋವಾಯಿತು. ಎಲ್ಲರೂ ತಪ್ಪಿತಸ್ಥರು ಅಂದರೆ ಯಾರೂ ಅಲ್ಲ ಅಂದ ಹಾಗೇ ಅಲ್ಲವೇ ಅನ್ನೋದು ಅವರ ಸಿಟ್ಟು. ನನಗೂ ಹಾಗೇ ಅನ್ನಿಸುತ್ತೆ. ನಮ್ಮ ಮನೆಯಲ್ಲೂ "ಕಾಲ ಹಾಗಿತ್ತು" ಅಂತಾರೆ. ಗಾಡಿ ಕಟ್ಟಿಸಿದ್ದು ಕಾಲವಾ? ಯಾರೋ ಒಬ್ಬರು ಎತ್ತು ಹೂಡಿರಬೇಕಲ್ಲ.

ಇದೆಲ್ಲ ಓಬೀರಾಯನ ಕಾಲದ್ದು ಅಂದುಕೊಳ್ಳಬೇಡಿ. 1984ರ ಜನವರಿ 31ರಂದು ಲಾಂಗ್‌ಫರ್ಡ್ ಕೌಂಟಿಯ ಗ್ರಾನರ್ಡ್ ಅನ್ನೋ ಸಣ್ಣ ಪೇಟೆಯಲ್ಲಿ ಆನ್ ಲವೆಟ್ ಅನ್ನುವ ಹದಿನೈದು ವರ್ಷದ ಹುಡುಗಿ, ಊರ ಚರ್ಚಿನ ಹತ್ತಿರದ ಮೇರಿ ಮಾತೆಯ ಗುಡಿಯಲ್ಲಿ, ಚಳಿ ಮಳೆಯಲ್ಲಿ ಒಬ್ಬಳೇ ಹೆತ್ತಳು. ಮಗು ಅಲ್ಲೇ ಸತ್ತಿತ್ತು, ಅವಳು ಅದೇ ದಿನ ಸತ್ತಳು. ಪತ್ರಕರ್ತರು ಹೋದರೆ ಊರೇ ಬಾಗಿಲು ಹಾಕಿಕೊಂಡಿತು. ಆದರೆ ಗೇ ಬರ್ನ್ ಅನ್ನೋ ರೇಡಿಯೋ ನಿರೂಪಕನಿಗೆ ದೇಶದ ಮೂಲೆಮೂಲೆಯಿಂದ ಹೆಂಗಸರು ಪತ್ರ ಬರೆಯತೊಡಗಿದರು, ನನಗೂ ಹೀಗಾಗಿತ್ತು, ಇವತ್ತಿನವರೆಗೆ ಯಾರಿಗೂ ಹೇಳಿಲ್ಲ ಅಂತ. ಫೆಬ್ರವರಿಯಲ್ಲಿ ಆ ಪತ್ರಗಳನ್ನು ರೇಡಿಯೋದಲ್ಲಿ ಓದಿದರು. ಅಡುಗೆಮನೆಗಳಲ್ಲಿ ಹಚ್ಚಿಟ್ಟಿದ್ದ ರೇಡಿಯೋ ಅದು... ಪಕ್ಕದಲ್ಲಿ ನಿಂತಿದ್ದ ಎಷ್ಟು ಹೆಣ್ಣುಮಕ್ಕಳು ಅಮ್ಮನ ಮುಖ ನೋಡಿರಬಹುದು ಅಂತ ನಾನು ಯೋಚಿಸ್ತಿರ್ತೇನೆ. ಮೂರು ವರ್ಷದ ಮೇಲೆ, 1987ರಲ್ಲಿ, ಮದುವೆಯಾಚೆ ಹುಟ್ಟಿದ ಮಗು ಅನ್ನುವ ಭೇದವನ್ನು ಕಾನೂನಿನಿಂದ ತೆಗೆದರು.

2022ರ ಇನ್ನೊಂದು ಕಾಯ್ದೆಯಿಂದ ದತ್ತು ಹೋದವರು ಹದಿನಾರು ತುಂಬಿದ ಮೇಲೆ ತಮ್ಮ ಜನನ ಪತ್ರ ಪಡೆಯಬಹುದು. 2025ರ ಜುಲೈ 14ರಂದು ಚೂಮ್‌ನಲ್ಲಿ ಅಗೆಯುವ ಕೆಲಸ ಶುರುವಾಯಿತು. ಎರಡು ವರ್ಷ ಹಿಡಿಯಬಹುದು ಅಂದಿದ್ದರು. ಸಿಕ್ಕ ಅವಶೇಷಗಳ ಗುರುತು ಹಿಡಿಯಲು ಸಂಬಂಧಿಕರ ಡಿಎನ್‌ಎ ಜೊತೆ ಹೋಲಿಸಿ, ಆಮೇಲೆ ಮರ್ಯಾದೆಯಿಂದ ಮಣ್ಣು ಮಾಡೋದು ಉದ್ದೇಶ.

ನಾನೂ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಹೋಮ್ ಕಟ್ಟಡ ಈಗಿಲ್ಲ. ಸುತ್ತ ಸಾಲು ಮನೆಗಳು, ನಡುವೆ ಎತ್ತರದ ಬೇಲಿ. ಅದರ ಮುಂದೆ ನಿಂತಾಗ ತಲೆಯಲ್ಲಿ ಬಂದದ್ದು ಒಂದೇ ಯೋಚನೆ. ಈ ಗುಟ್ಟು ಅಷ್ಟು ವರ್ಷವೂ ಸರ್ಕಾರಿ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದಿತ್ತು. ಹೆಸರು, ವಯಸ್ಸು, ಕಾಯಿಲೆ, ತಾರೀಖು ಎಲ್ಲ. ಒಬ್ಬರು ಹೋಗಿ ಕೇಳಬೇಕಿತ್ತು ಅಷ್ಟೇ. ನಮ್ಮ ಅತ್ತಜ್ಜಿಗೆ ಆ ಪುಸ್ತಕವೂ ಇಲ್ಲ. ಇರೋದು ಅಟ್ಟದ ಮೇಲಿನ ಒಂದು ಫೋಟೋ, ಮತ್ತೆ ಎಂಬತ್ತು ದಾಟಿದ ನಮ್ಮಮ್ಮನ ನೆನಪು.

ಮನೆಗೆ ಬಂದು ಊರಿಗೆ ಫೋನ್ ಮಾಡಿದೆ. "ಅಮ್ಮಾ, ಅವರ ಹೆಸರು ಏನು?" ಯಾರ ಹೆಸರು ಅಂತ ಅಮ್ಮ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿಬಿಟ್ಟರು. "ನಿಮ್ಮಪ್ಪ ಪ್ರತಿ ವರ್ಷ ಆ ಸಾಲಿಗೆ ಬಂದಾಗ ಒಂದು ಗಳಿಗೆ ನಿಲ್ಲಿಸ್ತಿದ್ರು, ನೀನು ನೋಡಿದ್ಯಾ?" ಅಂದರು. ನೋಡಿರಲಿಲ್ಲ. ನಾನು ಹೆಸರು ಎಣಿಸುತ್ತಿದ್ದೆ.

ಅಪ್ಪ ಈಗಿಲ್ಲ, ಬೆಂಗಳೂರಲ್ಲಿ ತರ್ಪಣ ಬಿಡೋನು ನಮ್ಮಣ್ಣ. ಅವನಿಗೆ ಹೇಳಿದೆ. ಬೇಡ ಅನ್ನಲಿಲ್ಲ, "ಗೋತ್ರ ಏನು ಅಂತ ಹೇಳಲಿ? ಗಂಡನ ಮನೆ ಯಾವುದು ಅಂತಲೇ ಗೊತ್ತಿಲ್ವಲ್ಲೇ" ಅಂದ. ಭಟ್ಟರನ್ನು ಕೇಳಿದ್ದಕ್ಕೆ, ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂದರೆ ಸಾಕು ಅಂದರಂತೆ. ಅವರಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ.

ಹೋದ ಪಕ್ಷದಲ್ಲಿ ಮೂರನೇ ಹೆಸರು ಹೇಳಿದ. ಇಲ್ಲಿ ಬೆಳಗಿನ ಜಾವ, ಅಣ್ಣನ ಮಗಳು ಫೋನ್ ಹಿಡಿದುಕೊಂಡಿದ್ದಳು, ನಾನು ಕೇಳಿಸಿಕೊಂಡೆ. "ಇದ್ಯಾರು ಅತ್ತೆ, ಹೊಸ ಹೆಸರು?" ಅಂತ ಅವಳು ಪಿಸುಗುಟ್ಟಿದಳು. ಅವಳಿಗೂ ಈಗ ಹನ್ನೆರಡು.

ಎಲೆ ಹಾಕಿ ಬಾ, ಎಲ್ಲ ಹೇಳ್ತೀನಿ ಅಂದೆ.