ವಾರ್ಡು, ಕ್ಷೇತ್ರ ಮತ್ತು ಗೆರೆ ಎಳೆಯುವವರು

ನಮ್ಮ ಸೀಮೆಯ ಚುನಾವಣೆಗಳ ಮಾತು ಬಂದಾಗ ಯಾರನ್ನು ಕೇಳಿದರೂ ಶಾಸಕರ ಹೆಸರುಗಳು ನಾಲಗೆಯ ತುದಿಯಲ್ಲೇ ಇರುತ್ತವೆ. 1999ರಲ್ಲಿ ಶಿವಶಂಕರರೆಡ್ಡಿಯವರು ಪಕ್ಷೇತರರಾಗಿ ಗೆದ್ದುದನ್ನೂ, 2023ರಲ್ಲಿ ಪುಟ್ಟಸ್ವಾಮಿಗೌಡರು ಅದೇ ರೀತಿ ಪಕ್ಷೇತರರಾಗಿ ನಿಂತು ಅವರನ್ನೇ ಸೋಲಿಸಿದುದನ್ನೂ ಗೌರಿಬಿದನೂರಿನವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಚಿಂತಾಮಣಿಯವರಿಗೆ ಎಂ.ಸಿ. ಸುಧಾಕರ್ ಮತ್ತು ಜೆ.ಕೆ. ಕೃಷ್ಣಾರೆಡ್ಡಿಯವರ ಪೈಪೋಟಿಯ ವಿವರಗಳು ಕಂಠಪಾಠ. ಆದರೆ ಇಪ್ಪತ್ತು ವರ್ಷಗಳ ಹಿಂದೆ ನಿಮ್ಮ ವಾರ್ಡಿನಿಂದ ಪುರಸಭೆಗೆ ಯಾರು ಆಯ್ಕೆಯಾಗಿದ್ದರು, ನಿಮ್ಮ ಊರಿನ ಮಂಡಲ ಪಂಚಾಯಿತಿಯಲ್ಲಿ ಯಾರಿದ್ದರು ಎಂದು ಕೇಳಿನೋಡಿ. ಬಹುಮಂದಿ ತಲೆ ಕೆರೆದುಕೊಳ್ಳುತ್ತಾರೆ. ಬೀದಿಯ ದೀಪ, ನಲ್ಲಿಯ ನೀರು, ಚರಂಡಿ ಇವೆಲ್ಲ ಯಾರ ಕೈಯಲ್ಲಿದ್ದವೋ ಅವರ ಚರಿತ್ರೆಯನ್ನು ನಾವು ಬರೆದಿಡಲಿಲ್ಲ.

ಆ ಚರಿತ್ರೆಯೇನೂ ಚಿಕ್ಕದಲ್ಲ. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದಾಗ ಅದರಲ್ಲಿ 144 ಮಂದಿ ಸದಸ್ಯರಿದ್ದರು. ಅವರು ಮತ ಪಡೆದು ಬಂದವರಲ್ಲ. ಜಮೀನ್ದಾರರು ಮತ್ತು ವರ್ತಕರ ಪೈಕಿ ಅಧಿಕಾರಿಗಳು ಆರಿಸಿ ಕಳುಹಿಸಿದವರು. ಮತ ಹಾಕುವ ಪದ್ಧತಿ ಅನಂತರ ಬಂದಿತಾದರೂ ಆಸ್ತಿಯೋ ವಿದ್ಯೆಯೋ ಇದ್ದವರಿಗಷ್ಟೇ ಆ ಹಕ್ಕು. ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗು ನಮ್ಮ ಕಡೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವೇ ಸಾಕ್ಷಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಒಂದು, ಜನರ ಲೆಕ್ಕದಲ್ಲಿ ಮತ್ತೊಂದು. ಜನರದು ಮೂವತ್ತನ್ನು ದಾಟುತ್ತದೆ. ಶಾಲೆಯಿಂದ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅವರು ಆ ಅಶ್ವತ್ಥ ವೃಕ್ಷವನ್ನೂ ನಾಗರಕಲ್ಲುಗಳನ್ನೂ ನೋಡುವುದರಲ್ಲೇ ಮಗ್ನರಾಗುತ್ತಿದ್ದರು. ಮತದಾನದ ಪಾಠಕ್ಕೂ ಈ ಸ್ಥಳಕ್ಕೂ ಸಂಬಂಧವಿದೆಯೆಂದು ಪ್ರತಿ ಬಾರಿಯೂ ಬಿಡಿಸಿ ಹೇಳಬೇಕಾಗುತ್ತಿತ್ತು.

ಸ್ವಾತಂತ್ರ್ಯಾನಂತರ 1959ರ ಕಾಯಿದೆಯಿಂದ ಗ್ರಾಮ ಪಂಚಾಯಿತಿಗಳೂ ತಾಲ್ಲೂಕು ಅಭಿವೃದ್ಧಿ ಮಂಡಲಿಗಳೂ ಬಂದವು. ಹಿರಿಯರು ಇಂದಿಗೂ 'ತಾಲ್ಲೂಕು ಬೋರ್ಡು' ಎನ್ನುವುದು ಇದನ್ನೇ. ಹಣವೂ ಕಡಿಮೆ, ಅಧಿಕಾರವೂ ಕಡಿಮೆ. ನಿಜವಾದ ಬದಲಾವಣೆ ಕಂಡದ್ದು 1987ರ ಜನವರಿಯಲ್ಲಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬ್ ಅವರು ರೂಪಿಸಿದ 1983ರ ಕಾಯಿದೆಯಂತೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಆಗ ಚುನಾವಣೆ ನಡೆಯಿತು. ನಾವಿನ್ನೂ ಕೋಲಾರ ಜಿಲ್ಲೆಯಲ್ಲಿದ್ದೆವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿಯೊಬ್ಬರು ಅದಕ್ಕೆ ಮುಖ್ಯ ಕಾರ್ಯದರ್ಶಿ. ಕಾಲುಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲು. ಇಡೀ ದೇಶದಲ್ಲಿ ಅಂಥದ್ದು ಅಪರೂಪವಾಗಿದ್ದ ಕಾಲವದು. ಕೊಳವೆಬಾವಿಗಳ ಮೂಲಕ ಹಳ್ಳಿಹಳ್ಳಿಗೆ ನೀರು ಕೊಟ್ಟ ನಜೀರ್‌ಸಾಬರನ್ನು ಜನ 'ನೀರ್‌ಸಾಬ್' ಎಂದು ಕರೆದರು. ನಮ್ಮಂಥ ಬರಸೀಮೆಯಲ್ಲಿ ಆ ಹೆಸರಿಗಿದ್ದ ತೂಕವೇ ಬೇರೆ.

ಉಪಾಧ್ಯಾಯರಾದ ನಮಗೆ ಈ ಚುನಾವಣೆಗಳೆಂದರೆ ಮತಗಟ್ಟೆಯ ಕೆಲಸ. ಅದರಲ್ಲೂ 1993ರ ಕಾಯಿದೆಯ ಗ್ರಾಮ ಪಂಚಾಯಿತಿ ಚುನಾವಣೆಗಳು ವಿಧಾನಸಭೆಯದಕ್ಕಿಂತ ಕಠಿಣ. ಪಕ್ಷದ ಚಿಹ್ನೆಗಳಿಲ್ಲ. ಒಂದೇ ಕ್ಷೇತ್ರಕ್ಕೆ ಇಬ್ಬರು ಮೂವರು ಸದಸ್ಯರು, ಒಬ್ಬ ಮತದಾರನಿಗೆ ಅಷ್ಟೇ ಮತಗಳು. ಅಜ್ಜಿಯೊಬ್ಬರಿಗೆ ಇದನ್ನು ವಿವರಿಸುವಷ್ಟರಲ್ಲಿ ಹೊರಗಿನ ಸಾಲು ಬೇವಿನಮರದವರೆಗೆ ಬೆಳೆದಿರುತ್ತಿತ್ತು. ಕರಪತ್ರ ಕನ್ನಡದಲ್ಲಿ, ಮತಯಾಚನೆ ತೆಲುಗಿನಲ್ಲಿ, ಜಗಳ ಎರಡರಲ್ಲೂ! ನೂರಾರು ಮನೆಗಳಷ್ಟೇ ಇರುವ ಕ್ಷೇತ್ರದಲ್ಲಿ ಯಾರು ಯಾರಿಗೆ ಹಾಕಿದರೆಂಬುದು ಎಣಿಕೆಗೆ ಮುನ್ನವೇ ಊರಿಗೆ ಗೊತ್ತಿರುತ್ತಿತ್ತು. ಮೂರು ನಾಲ್ಕು ಮತಗಳಿಂದ ಸೋತವನು ತನಗೆ ಕೈಕೊಟ್ಟ ಮನೆ ಯಾವುದೆಂದು ಲೆಕ್ಕ ಹಾಕುತ್ತ ಮುಂದಿನ ಐದು ವರ್ಷ ಕಳೆಯುತ್ತಿದ್ದನು.

ಮೀಸಲಾತಿಯ ಸರದಿಯ ಬಗ್ಗೆ ಒಂದು ಮಾತು. 1993ರಲ್ಲಿ ಮೂರನೆಯ ಒಂದು ಭಾಗವಾಗಿದ್ದ ಮಹಿಳಾ ಮೀಸಲು 2010ರಿಂದ ಅರ್ಧಕ್ಕೆ ಏರಿತು. ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಪತಿರಾಯರು ಕುಳಿತಿರುವ ದೃಶ್ಯವನ್ನು ನಾನೂ ಕಂಡಿದ್ದೇನೆ, ಮರೆಮಾಚುವುದಿಲ್ಲ. ಆದರೆ ನನ್ನಲ್ಲಿ ಏಳನೆಯ ತರಗತಿಯವರೆಗೆ ಓದಿದ್ದ ಹೆಣ್ಣುಮಗಳೊಬ್ಬಳು ಸದಸ್ಯೆಯಾದ ಮೇಲೆ ಆಯವ್ಯಯದ ಹಾಳೆ ಹಿಡಿದು ಮನೆಗೆ ಬಂದು, "ಮೇಷ್ಟ್ರೇ, ಈ ಲೆಕ್ಕ ನನಗೆ ಅರ್ಥವಾಗುವವರೆಗೂ ಸಹಿ ಹಾಕೋಲ್ಲ ಅಂದಿದೀನಿ, ಹೇಳಿಕೊಡಿ" ಎಂದುದನ್ನೂ ಕಂಡಿದ್ದೇನೆ. ಮುಂದಿನ ಸರದಿಯಲ್ಲಿ ಆ ಸ್ಥಾನ ಬೇರೆ ವರ್ಗಕ್ಕೆ ಹೋಯಿತು. ಅವಳು ಮತ್ತೆ ನಿಲ್ಲಲಾಗಲಿಲ್ಲ. ಸರದಿಯಿಂದ ಹೊಸಬರಿಗೆ ಬಾಗಿಲು ತೆರೆಯುತ್ತದೆ, ಕೆಲಸ ಕಲಿತವರಿಗೆ ಅದೇ ಬಾಗಿಲು ಮುಚ್ಚುತ್ತದೆ. ಇದಕ್ಕೆ ಸುಲಭದ ಪರಿಹಾರ ನನಗೆ ತೋಚಿಲ್ಲ.

ಇನ್ನು ಗೆರೆಗಳ ವಿಚಾರ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಮರುವರ್ಷವೇ ಕ್ಷೇತ್ರ ಪುನರ್ವಿಂಗಡಣೆ ಜಾರಿಗೆ ಬಂದು, ಅದುವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಚಿಕ್ಕಬಳ್ಳಾಪುರ ವಿಧಾನಸಭಾ ಕ್ಷೇತ್ರ ಸಾಮಾನ್ಯವಾಯಿತು. ಗೌರಿಬಿದನೂರು ತಾಲ್ಲೂಕಿನಲ್ಲಿದ್ದ ಮಂಚೇನಹಳ್ಳಿ ಹೋಬಳಿ ಮತಕ್ಕೆ ಮಾತ್ರ ಚಿಕ್ಕಬಳ್ಳಾಪುರಕ್ಕೆ ಸೇರಿತು. ಅದು ತಾನೇ ತಾಲ್ಲೂಕಾದದ್ದು ಎಷ್ಟೋ ವರ್ಷಗಳ ಮೇಲೆ. ಚಿಂತಾಮಣಿ ತಾಲ್ಲೂಕಿನ ಚಿಲಕಲನೇರ್ಪು ಹೋಬಳಿ ಶಿಡ್ಲಘಟ್ಟ ಕ್ಷೇತ್ರಕ್ಕೆ ಸೇರಿತು. ಲೋಕಸಭೆಗೆ ಗೌರಿಬಿದನೂರು ಮತ್ತು ಚಿಕ್ಕಬಳ್ಳಾಪುರಗಳು ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ, ಶಿಡ್ಲಘಟ್ಟ ಮತ್ತು ಚಿಂತಾಮಣಿಗಳು ಕೋಲಾರದಲ್ಲಿ. ಹೀಗಾಗಿ ಚಿಲಕಲನೇರ್ಪಿನ ರೈತನೊಬ್ಬನಿಗೆ ಪಹಣಿ ಬೇಕಾದರೆ ತಾಲ್ಲೂಕು ಕಚೇರಿ, ಶಾಸಕರನ್ನು ಕಾಣಲು ಶಿಡ್ಲಘಟ್ಟ, ಸಂಸದರಿಗಾಗಿ ಕೋಲಾರ, ಜಿಲ್ಲಾಧಿಕಾರಿಯ ಬಳಿಗೆ ಚಿಕ್ಕಬಳ್ಳಾಪುರ. ಜನಸಂಖ್ಯೆಯ ಸಮತೂಕಕ್ಕಾಗಿ ಗೆರೆ ಎಳೆಯುತ್ತಾರೆಂಬುದು ನಿಜ. ಆದರೆ ಆ ರೈತನ ಬಸ್ಸಿನ ಖರ್ಚು ಯಾವ ಸಮತೂಕಕ್ಕೂ ಸೇರುವುದಿಲ್ಲ.

ಪಟ್ಟಣಗಳ ಕಥೆ ಬೇರೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಗರಸಭೆಗಳಿಗೆ ತಲಾ 31 ವಾರ್ಡುಗಳು. 2011ರ ಜನಗಣತಿಯಲ್ಲಿ ಇವುಗಳ ಜನಸಂಖ್ಯೆ ಕ್ರಮವಾಗಿ ಸುಮಾರು 63 ಸಾವಿರ, 51 ಸಾವಿರ ಮತ್ತು 76 ಸಾವಿರ. ಅಂದರೆ ವಾರ್ಡಿಗೆ ಎರಡು ಸಾವಿರದ ಆಸುಪಾಸು ಜನ. ಚಿಕ್ಕಬಳ್ಳಾಪುರ ಪಟ್ಟಣದವರು 2018ರ ಮೇ ತಿಂಗಳಲ್ಲಿ ವಿಧಾನಸಭೆಗೆ, 2019ರ ಏಪ್ರಿಲಿನಲ್ಲಿ ಲೋಕಸಭೆಗೆ, ಶಾಸಕ ಕೆ. ಸುಧಾಕರ್ ಅವರ ರಾಜೀನಾಮೆಯ ಬಳಿಕ ಅದೇ ಡಿಸೆಂಬರಿನ ಉಪಚುನಾವಣೆಗೆ, 2020ರ ಫೆಬ್ರುವರಿಯಲ್ಲಿ ನಗರಸಭೆಗೆ ಮತ ಹಾಕಿದರು. ಇಪ್ಪತ್ತೊಂದು ತಿಂಗಳಲ್ಲಿ ನಾಲ್ಕು ಬಾರಿ ಬೆರಳಿಗೆ ಶಾಯಿ!

ಅದೇ ಜಿಲ್ಲೆಯ ಹಳ್ಳಿಗಳವರು 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗೇನೋ ಮತ ಹಾಕಿದರು. ಆದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ಅವು ಆಡಳಿತಾಧಿಕಾರಿಗಳ ಕೈಗೆ ಹೋದವು. ಚುನಾವಣಾ ಆಯೋಗ ಕ್ಷೇತ್ರಗಳ ಗೆರೆ ಎಳೆದಿತ್ತು; ಸರ್ಕಾರ ಅದೇ ವರ್ಷ ಕಾಯಿದೆ ತಿದ್ದಿ ಆ ಅಧಿಕಾರವನ್ನು ಹಿಂದಕ್ಕೆ ಪಡೆದು ಬೇರೊಂದು ಆಯೋಗ ಮಾಡಿತು. ಅದರ ಜೊತೆಗೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ, ನ್ಯಾಯಾಲಯದ ಕಲಾಪಗಳು. ಪಕ್ಷಗಳು ಬದಲಾದವು, ವರ್ಷಗಳು ಉರುಳಿದವು, ಚುನಾವಣೆ ಮುಂದೆ ಮುಂದೆ ಹೋಯಿತು. 1992ರಲ್ಲಿ ಮಂಡಲ ಪಂಚಾಯಿತಿಗಳ ಅವಧಿ ಮುಗಿದಾಗಲೂ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನೇ ಕೂರಿಸಿದ್ದರು. ಮರುವರ್ಷ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಬಂದದ್ದೇ ಇಂಥದ್ದು ಮರುಕಳಿಸದಿರಲಿ ಎಂದು. ವಿಧಾನಸಭೆಯ ಸ್ಥಾನವೊಂದು ಆರು ತಿಂಗಳು ಖಾಲಿ ಬಿದ್ದರೆ ಪತ್ರಿಕೆಗಳಲ್ಲಿ ಗದ್ದಲ. ಜಿಲ್ಲಾ ಪಂಚಾಯಿತಿಯ ಅಷ್ಟೂ ಸ್ಥಾನಗಳು ವರ್ಷಗಟ್ಟಲೆ ಖಾಲಿ ಬಿದ್ದರೆ ಚಹಾದಂಗಡಿಯಲ್ಲೂ ಮಾತಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕರೂ ಫ್ಲೋರೈಡ್ ತುಂಬಿದ ಸೀಮೆ ನಮ್ಮದು. ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರನ್ನು ಹೆಬ್ಬಾಳ–ನಾಗವಾರ ಯೋಜನೆಯಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರು ಯಾವ ಗುಣಮಟ್ಟದ್ದು, ಯಾವ ಕೆರೆಗೆ ಮೊದಲು ಎಂದು ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಎದ್ದುನಿಂತು ಕೇಳಲು ಹಳ್ಳಿಯಿಂದ ಆರಿಸಿ ಬಂದ ಸದಸ್ಯನೊಬ್ಬ ಇರಲಿಲ್ಲ.

ನನ್ನ ಬಳಿ ಹಳೆಯ ನೋಟುಪುಸ್ತಕವೊಂದಿದೆ. 1987ರಿಂದ ಈಚೆಗೆ ನಾನು ಮತಗಟ್ಟೆ ಕೆಲಸ ಮಾಡಿದ ಊರುಗಳಲ್ಲಿ ಗೆದ್ದವರ ಹೆಸರು, ಸೋತವರ ಹೆಸರು, ಮತಗಳ ಅಂತರ ಅದರಲ್ಲಿ ಬರೆದಿಟ್ಟಿದ್ದೇನೆ. ಬಹಳಷ್ಟು ಪುಟಗಳು ಖಾಲಿಯಿವೆ. ನಿಮ್ಮ ವಾರ್ಡಿನ, ನಿಮ್ಮ ಮಂಡಲದ ಸದಸ್ಯರು ಯಾರೆಂದು ತಂದೆತಾಯಿಯರನ್ನೋ ಅಜ್ಜ ಅಜ್ಜಿಯರನ್ನೋ ಕೇಳಿ, ಇಸವಿಯೊಡನೆ ಬರೆದು ಕಳುಹಿಸಿದರೆ ಒಂದೊಂದಾಗಿ ತುಂಬಿಸುತ್ತೇನೆ. ಶಿಡ್ಲಘಟ್ಟದ ಕಡೆಯವರು ದಯವಿಟ್ಟು ಮೊದಲು ಬರೆಯಿರಿ; ನನ್ನ ಪುಸ್ತಕದಲ್ಲಿ ಅತಿ ಕಡಿಮೆ ಹೆಸರುಗಳಿರುವುದು ಆ ತಾಲ್ಲೂಕಿನವೇ.