ದತ್ತಿಯ ಕರಾರು ಮತ್ತು ರೋಗಿಯ ಹಕ್ಕು: ಬಳ್ಳಿಗಾವೆಯಿಂದ ತುರ್ಭೆಯವರೆಗೆ

ಥಾಣೆ–ಬೇಲಾಪುರ ರಸ್ತೆಯ ತುರ್ಭೆಯು ಒಂದು ಮಗ್ಗುಲಲ್ಲಿ ಕಾರ್ಖಾನೆಗಳನ್ನೂ ಇನ್ನೊಂದು ಮಗ್ಗುಲಲ್ಲಿ ಕೃಷಿ ಉತ್ಪನ್ನಗಳ ಸಗಟು ಮಾರುಕಟ್ಟೆಯನ್ನೂ ಹೊಂದಿರುವ ಶ್ರಮಿಕರ ನೆಲೆ. ಕನ್ನಡಿಗ ಕೂಲಿಕಾರರೂ ಇಲ್ಲಿ ದುಡಿಯುತ್ತಾರೆ. ಕಾಯಿಲೆ ಬಿದ್ದ ಹಮಾಲನೊಬ್ಬನು ತಟ್ಟಬಹುದಾದ ಬಾಗಿಲುಗಳು ಹಲವು: 1992ರಲ್ಲಿ ಅಸ್ತಿತ್ವಕ್ಕೆ ಬಂದ ನವಿ ಮುಂಬಯಿ ಮಹಾನಗರಪಾಲಿಕೆಯ ಆಸ್ಪತ್ರೆ, ಓಣಿಯ ಖಾಸಗಿ ದವಾಖಾನೆ, ಹೊರೆ ಹೊರುವ ಕಾರ್ಮಿಕರಿಗಾಗಿ ಕೋಪರ್‌ಖೈರಣೆಯಲ್ಲಿರುವ ಮಾಥಾಡಿ ಆಸ್ಪತ್ರೆ. ಸರ್ಕಾರಿ ವ್ಯವಸ್ಥೆಯ ಪಕ್ಕದಲ್ಲಿ ಸರ್ಕಾರೇತರ ವೈದ್ಯವೂ ನಡೆಯುವ ಈ ಏರ್ಪಾಡು ಹೊಸತೆಂದು ಭಾವಿಸುವುದು ವಾಡಿಕೆ. ಇದರ ಇತಿಹಾಸ ದೀರ್ಘವಾದುದೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಕ್ರಿ.ಶ. 1162ರ ಬಳ್ಳಿಗಾವೆಯ ಶಾಸನವೊಂದು ಕಲಚುರಿ ಬಿಜ್ಜಳನ ಕಾಲದ ಕೋಡಿಯಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿದ್ದ ಈ ಕಾಳಾಮುಖ ಮಠವು ದೀನರಿಗೂ ಅಂಗವಿಕಲರಿಗೂ ಅನ್ನ ನೀಡುವ ಸ್ಥಾನವಾಗಿತ್ತು. ಅನಾಥ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೂ ಆಗಿತ್ತು. ಮಠವನ್ನು ಇಂದಿನ ಅರ್ಥದಲ್ಲಿ ಖಾಸಗಿ ಎನ್ನಲಾಗದು. ಆದರೆ ಪೋಷಣೆ ಅರಸನದು, ನಿರ್ವಹಣೆ ಆಚಾರ್ಯನದು ಎಂಬ ವಿಭಜನೆ ಅಲ್ಲಿ ಸ್ಪಷ್ಟವಾಗಿದೆ. ದತ್ತಿಯ ಉದ್ದೇಶವನ್ನು ಕಲ್ಲಿನಲ್ಲಿ ಕಂಡರಿಸಿ ಜನರ ಕಣ್ಣೆದುರು ನಿಲ್ಲಿಸುವುದು, ದತ್ತಿಯನ್ನು ಅಳಿದವರಿಗೆ ಶಾಪವನ್ನು ವಿಧಿಸುವುದು ನಮ್ಮ ದಾನಶಾಸನಗಳ ಸಾಮಾನ್ಯ ಪದ್ಧತಿ. ಕರಾರಿಗೆ ಊರೇ ಸಾಕ್ಷಿ.

ಇದೇ ವಿಭಜನೆಯು ವಸಾಹತು ಕಾಲದ ಮುಂಬಯಿಯಲ್ಲಿ ತಿರುವುಮುರುವಾಯಿತು. ವರ್ತಕ ಜಮ್‌ಶೇಟ್‌ಜೀ ಜೀಜೀಭಾಯಿ ಒಂದು ಲಕ್ಷ ರೂಪಾಯಿ ಕೊಡಲು ಮುಂದಾದಾಗ ಕಂಪನಿ ಸರ್ಕಾರವೂ ಅಷ್ಟೇ ಹಣ ನೀಡಬೇಕೆಂಬ ಷರತ್ತನ್ನಿಟ್ಟನು. 1845ರಲ್ಲಿ ತೆರೆದ ಜೆ.ಜೆ. ಆಸ್ಪತ್ರೆ ಅದರ ಫಲ. ಇಲ್ಲಿ ದಾನಿ ಖಾಸಗಿ, ನಿರ್ವಹಣೆ ಸರ್ಕಾರದ್ದು.

ಸ್ವಾತಂತ್ರ್ಯಾನಂತರ ಕರಾರು ಕಾನೂನಿನ ರೂಪ ತಾಳಿತು. 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಅಧಿನಿಯಮಕ್ಕೆ ಮುಂದೆ ಸೇರಿದ 41 ಎಎ ಕಲಮಿನ ಆಧಾರದ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಒಂದು ಯೋಜನೆಯನ್ನು ರೂಪಿಸಿತು. ಅದರಂತೆ ಧರ್ಮಾರ್ಥ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಮೀಸಲಿಡಬೇಕು. ಬಿಲ್ಲಿನ ಒಟ್ಟು ಮೊತ್ತದ ಶೇ. 2ರಷ್ಟನ್ನು ನಿರ್ಗತಿಕ ರೋಗಿಗಳ ನಿಧಿಗೆ ಜಮೆ ಮಾಡಬೇಕು. ತುರ್ಭೆಯ ನೆರೆಯ ವಾಶಿಯಲ್ಲಿ ಬೇರೊಂದು ಮಾದರಿ ಕಾಣುತ್ತದೆ. ಪಾಲಿಕೆಯು ತನ್ನ ಆಸ್ಪತ್ರೆಯ ಕಟ್ಟಡದ ಒಂದು ಭಾಗವನ್ನು ಖಾಸಗಿ ಸಂಸ್ಥೆಗೆ ಗುತ್ತಿಗೆಗೆ ನೀಡಿ, ತಾನು ಕಳುಹಿಸುವ ನಿಗದಿತ ಸಂಖ್ಯೆಯ ರೋಗಿಗಳಿಗೆ ಉಚಿತ ಚಿಕಿತ್ಸೆ ದೊರೆಯಬೇಕೆಂಬ ಷರತ್ತನ್ನು ವಿಧಿಸಿತು. ಒಂದೇ ಆವರಣದಲ್ಲಿ ಎರಡು ವ್ಯವಸ್ಥೆಗಳು ನೆಲೆನಿಂತವು.

ಈ ನಾಲ್ಕು ನಿದರ್ಶನಗಳಲ್ಲಿ ಹಣ ಕೊಡುವವರು ಬದಲಾಗಿದ್ದಾರೆ, ನಡೆಸುವವರು ಬದಲಾಗಿದ್ದಾರೆ; ಕರಾರು ಮಾತ್ರ ಒಂದಲ್ಲ ಒಂದು ರೂಪದಲ್ಲಿ ಉಳಿದುಬಂದಿದೆ. ಆದಕಾರಣ ಸರ್ಕಾರಿಯೋ ಖಾಸಗಿಯೋ ಎಂಬ ವಿವಾದಕ್ಕಿಂತ, ಕರಾರಿನ ಪಾಲನೆಯನ್ನು ಯಾರು ಪರೀಕ್ಷಿಸುತ್ತಾರೆ ಎಂಬ ಪ್ರಶ್ನೆಯೇ ಮುಖ್ಯವೆಂದು ನಾವು ಭಾವಿಸುತ್ತೇವೆ. ಬಳ್ಳಿಗಾವೆಯ ಕಲ್ಲು ಊರ ನಡುವೆ, ಊರ ಭಾಷೆಯಲ್ಲಿ ನಿಂತಿತ್ತು. ಇಂದಿನ ಗುತ್ತಿಗೆಪತ್ರ ಇರುವುದು ಕಚೇರಿಯ ಕಡತದಲ್ಲಿ. ತನಗಾಗಿ ಮೀಸಲಾದ ಹಾಸಿಗೆಯ ಸುದ್ದಿಯೇ ತಿಳಿಯದ ರೋಗಿಯು ಸಾಲ ಮಾಡಿ ಬಿಲ್ಲು ಕಟ್ಟಿದರೆ, ಕರಾರು ಇದ್ದೂ ಇಲ್ಲದಂತೆಯೇ. ತುರ್ಭೆಯಂತಹ ಬಹುಭಾಷಿಕ ನೆಲೆಯಲ್ಲಿ ಇಂತಹ ಷರತ್ತುಗಳು ಮರಾಠಿ, ಹಿಂದಿಗಳ ಜೊತೆಗೆ ಕನ್ನಡದಲ್ಲಿಯೂ ಆಸ್ಪತ್ರೆಯ ಬಾಗಿಲಲ್ಲಿ ಕಾಣಬೇಕಾದುದು ಆವಶ್ಯಕ. ಆಗ ರೋಗಿಯು ದಾನದ ಪಾತ್ರನಾಗಿ ಕೈಚಾಚದೆ ಹಕ್ಕುದಾರನಾಗಿ ಒಳಗೆ ಹೋಗಬಲ್ಲನು.