ತಾಳೆಯಾಗದ ಲೆಕ್ಕಕ್ಕೊಂದು ಆರ್ಗನ್

ನಾನು ಓದಿದ್ದು ಬಿ.ಕಾಂ., ಹಾಗಾಗಿ ಇವತ್ತು ಸ್ವರಗಳ ಜಮಾ-ಖರ್ಚು ನೋಡೋಣ.

ಷಡ್ಜದಿಂದ ಶುದ್ಧ ಪಂಚಮಕ್ಕೆ ಹೋದರೆ ಕಂಪನ ಒಂದೂವರೆ ಪಟ್ಟು. ಹೀಗೆ 12 ಸಲ ಏರಿದರೆ ಸುಮಾರು 129.75 ಪಟ್ಟು. 7 ಸ್ಥಾಯಿ ಏರಿದರೆ 128. ಎರಡೂ ಒಂದೇ ಷಡ್ಜಕ್ಕೆ ಬಂದು ಸೇರಬೇಕಿತ್ತು, ಆದ್ರೆ ಲೆಕ್ಕ ತಾಳೆ ಆಗಲ್ಲ. ಇವತ್ತಿನ ಪಿಯಾನೊ ಸ್ಥಾಯಿಯನ್ನ 12 ಸಮಭಾಗ ಮಾಡಿ ಈ ವ್ಯತ್ಯಾಸವನ್ನ ಎಲ್ಲಾ ಪಂಚಮಗಳಿಗೂ ಹಂಚುತ್ತೆ. ಪಂಚಮಕ್ಕೆ ನಷ್ಟ ಕಮ್ಮಿ. ಆದರೆ ಗಾಂಧಾರ, ಅಂದ್ರೆ ಶಂಕರಾಭರಣದ ಗಾಂಧಾರ, ಶುದ್ಧ ಜಾಗಕ್ಕಿಂತ ಚೆನ್ನಾಗೇ ಮೇಲೆ ಹೋಗಿಬಿಡುತ್ತೆ.

1691ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಸ್ಥಾಯಿಯನ್ನ 31 ಸಮಭಾಗ ಮಾಡುವ ಲೆಕ್ಕ ಪ್ರಕಟಿಸಿದರು. ಹಾಗಾದ್ರೆ ಯುರೋಪಿನ ಏಳು ಸ್ವರದ ಸ್ಕೇಲ್ ಕೆಟ್ಟುಹೋಯ್ತಾ? ಇಲ್ಲ. ಅದರಲ್ಲಿ ಐದು ದೊಡ್ಡ ಹೆಜ್ಜೆ, ಎರಡು ಚಿಕ್ಕ ಹೆಜ್ಜೆ. ಪಿಯಾನೊದಲ್ಲಿ ದೊಡ್ಡದು 2 ಭಾಗ, ಚಿಕ್ಕದು 1, ಒಟ್ಟು 12. ಇಲ್ಲಿ 5 ಮತ್ತು 3, ಒಟ್ಟು 31. ಗಾಂಧಾರ ಹೆಚ್ಚುಕಡಿಮೆ ಶುದ್ಧ.

ಎರಡನೇ ಮಹಾಯುದ್ಧದಲ್ಲಿ ನೆದರ್ಲೆಂಡ್ಸ್ ನಾಜಿಗಳ ಕೈಲಿದ್ದಾಗ, ಭೌತವಿಜ್ಞಾನಿ ಆಡ್ರಿಯಾನ್ ಫೋಕರ್ ಹೈಗನ್ಸ್ ಬರಹ ಹಿಡಿದು ಕೂತರು. 1950ರಲ್ಲಿ ಹಾರ್ಲೆಮ್‌ನ ಟೈಲರ್ಸ್ ಮ್ಯೂಸಿಯಂನಲ್ಲಿ ಅವರ 31 ಸ್ವರದ ಆರ್ಗನ್ ನುಡಿಯಿತು. ಈಗ ಅದು ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ.

ಇಲ್ಲೂ ನಷ್ಟ ತಪ್ಪಿಲ್ಲ: ಪಂಚಮ ಪಿಯಾನೊದ್ದಕ್ಕಿಂತ ತಗ್ಗುತ್ತೆ, ಕೀಲಿಗಳೂ ಜಾಸ್ತಿ. ನನಗೆ ಕಾಣೋದಿಷ್ಟೆ: 12 ಅನ್ನೋದು ಪ್ರಕೃತಿ ಹಾಕಿದ ನಿಯಮ ಅಲ್ಲ, ಮನುಷ್ಯರು ಮಾಡಿಕೊಂಡ ರಾಜಿ. ನಷ್ಟ ಯಾವ ಸ್ವರದ ಖಾತೆಗೆ ಬೀಳಬೇಕು ಅನ್ನೋದನ್ನ ಫೋಕರ್ ಮತ್ತೆ ಕೇಳಿದರು, ಅಷ್ಟೇ.